ಚಾದರದ ಆ ಬದಿಯ ಕೈ

ಆಕೆಯ ಮುಖವನ್ನು ನೀವು ನೋಡಿರುತ್ತೀರಿ. ಯಾರು, ಏನು ಗೊತ್ತಿರಲಿಕ್ಕಿಲ್ಲ. ಮುಖ ಮಾತ್ರ ಖಂಡಿತ ಗೊತ್ತು. ಎತ್ತರದ ಹೆಂಗಸು, ಬೂದು ಬಣ್ಣದ ಸಮವಸ್ತ್ರ, ಬಿಗಿಯಾಗಿ ಎಳೆದು ಕಟ್ಟಿದ ಕೂದಲು. ಎರಡು ಕೈಯಲ್ಲೂ ಒಂದು ಬಿಳಿ ಚಾದರದ ತುದಿಗಳು. ಅವನ್ನು ಎದುರಿಗಿರುವವರಿಗೆ ಕೊಡುತ್ತಿದ್ದಾಳೆ, ಆದರೆ ಎದುರಿಗಿರುವವರನ್ನು ನೋಡುತ್ತಿಲ್ಲ. ಕತ್ತು ಹೊರಳಿಸಿ, ಗದ್ದ ಎತ್ತಿ ಬೇರೆಲ್ಲೋ ನೋಡುತ್ತಿದ್ದಾಳೆ. ಚಿತ್ರದ ಬಲ ಅಂಚಿನಿಂದ ಒಂದು ಕೈ, ಮೊಣಕೈಯಿಂದ ಈಚೆಗಷ್ಟೇ, ಆ ತುದಿಗಳನ್ನು ತೆಗೆದುಕೊಳ್ಳಲು ಒಳಗೆ ಬಂದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ತಗೋ, ನೀನೇ ಮಾಡ್ಕೊ' ಎಂದು ಬರೆದಿದೆ.

ಮೂರು ವರ್ಷದ ಹಿಂದೆ ಈ ಮೀಮ್ ಬಂದು ಹೋಗದ ಫೋನ್ ಇರಲಿಲ್ಲ. ರಾಜೀನಾಮೆ ಕೊಟ್ಟವರು ಹಾಕಿಕೊಂಡರು. ಅಳುವ ಮಗುವನ್ನು ಗಂಡನ ಮಡಿಲಿಗೆ ದಾಟಿಸಿದ ಹೆಂಡತಿಯರು ಹಾಕಿಕೊಂಡರು. ಗಂಡಂದಿರು ಹಾಕುವ ಧೈರ್ಯ ಮಾಡಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ನಾನೂರು ಉತ್ತರಪತ್ರಿಕೆಗಳ ಕಟ್ಟನ್ನು ನನ್ನ ಮೇಜಿಗೆ ಸಾಗಹಾಕಿದ ದಿನ ಇದನ್ನೇ ಕಳಿಸಿದ್ದರು. ಜನ ಆಕೆಗೆ 'ನೀನೇ ಮಾಡ್ಕೊ ಅಕ್ಕ' ಎಂದು ಹೆಸರಿಟ್ಟರು.

ಎಲ್ಲರೂ ನಕ್ಕು ಮುಂದೆ ಹೋದರು. ನಾನು ನಿಂತು ಲೇಖನ ಬರೆದೆ. ಕಾಲೇಜಿನಲ್ಲಿ ಸಂಸ್ಕೃತಿ ಅಧ್ಯಯನ ಪಾಠ ಮಾಡುವವಳು ನಾನು. ಊರೆಲ್ಲ ನಗುವ ಕಡೆ ಅಡಿಟಿಪ್ಪಣಿ ಹಾಕುವುದು ನನ್ನ ಕಸುಬು. ಇಲ್ಲಿ ಹೇಳಹೊರಟಿರುವುದು ಆ ಅಕ್ಕನ ಬದುಕು. ನಡುನಡುವೆ ನಾನು ಬರುತ್ತೇನೆ, ಬರದೆ ವಿಧಿಯಿಲ್ಲ. ಅವಳು ಕೇಳಿದ್ದು ಒಂದೇ ಒಂದು ವಸ್ತು, ಅದು ಅವಳಿಗೆ ಸಿಗದಂತೆ ಮಾಡಿದವಳು ನಾನು.

ಲೇಖನ ಮೂವತ್ತೊಂದು ಪುಟ. ಶೀರ್ಷಿಕೆ 'ಮುಖವಿಲ್ಲದ ಕೈ'. ಅದರಲ್ಲಿ ಏನೆಲ್ಲ ಕಂಡುಹಿಡಿದಿದ್ದೆ ಎಂದು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಹೆಂಗಸು ಕತ್ತು ಹೊರಳಿಸಿರುವುದು ನೋಟದ ನಿರಾಕರಣೆ ಎಂದೆ: ದುಡಿಯುವ ದೇಹ ತನ್ನನ್ನು ಕಾವಲು ಕಾಯುವ ಅಧಿಕಾರಕ್ಕೆ ಮರುನೋಟ ಕೊಡಲು ಒಪ್ಪುತ್ತಿಲ್ಲ. ಬಿಳಿ ಚಾದರ ಇನ್ನೂ ಬರೆಯದ ಇತಿಹಾಸದ ಹಾಳೆ ಎಂದೆ. ಅಂಚಿನಿಂದ ಬಂದ ಕೈ ಆಡಳಿತದ್ದು, ಅದು ಎಲ್ಲವನ್ನೂ ತೆಗೆದುಕೊಳ್ಳುತ್ತದೆ, ತನ್ನ ಮುಖವನ್ನು ಮಾತ್ರ ತೋರಿಸುವುದಿಲ್ಲ ಎಂದೆ. ಉಗುರು ಮೊಟಕು, ಗೆಣ್ಣು ದಪ್ಪ, ಉಂಗುರವಿಲ್ಲ, ಆದ್ದರಿಂದ ಗಂಡಸಿನ ಕೈ, ಬಹುಶಃ ಮೇಲ್ವಿಚಾರಕನದು ಎಂದೂ ತೀರ್ಮಾನ ಕೊಟ್ಟೆ. ಚಿತ್ರವನ್ನು ಸರಿಯಾಗಿ ಮೊಣಕೈಗೇ ಕತ್ತರಿಸಿರುವುದು ಎಂಥ ಹಿಂಸೆ ಎಂದು ವಿವರಿಸಲು ಒಂದು ಇಡೀ ಭಾಗ ಮೀಸಲಿಟ್ಟಿದ್ದೆ.

ಕೊನೆಯ ಭಾಗದಲ್ಲಿ, ಮೀಮ್‌ಗೆ ಮೂಲ ಎಂಬುದೇ ಇಲ್ಲ ಎಂದು ಸಾರಿದೆ. ಅದು ಪ್ರತಿಯ ಪ್ರತಿ. ಮೂಲಚಿತ್ರ ಎಲ್ಲಿದೆ ಎಂದು ಹುಡುಕುವುದು ಹಳೆಯ ಕಾಲದ ಭ್ರಮೆ. ಲೇಖನವನ್ನು ಪರಿಶೀಲಿಸಿದ ಹಿರಿಯರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು: 'ಫೋಟೋ ತೆಗೆದವರು ಯಾರು, ವಿಚಾರಿಸಿದಿರಾ?' ಆ ಪ್ರಶ್ನೆಯೇ ಹೇಗೆ ತಪ್ಪು ಎಂದು ನಾನು ಅವರಿಗೆ ಒಂದೂವರೆ ಪುಟದ ಉತ್ತರ ಬರೆದೆ. ಪಾಪ, ಸುಮ್ಮನಾದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡು ನಗುತ್ತೇವಲ್ಲ, ನಾನು ಎತ್ತನ್ನು ನಾನೇ ಈಯಿಸಿ ಕರುವಿಗೆ ಹೆಸರೂ ಇಟ್ಟಿದ್ದೆ. ಲೇಖನಕ್ಕೆ ಬಹುಮಾನ ಬಂತು. ಕೊನೆಯ ವರ್ಷದ ಪಠ್ಯಕ್ಕೂ ಸೇರಿತು.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಆಕೆ ನಮ್ಮ ಅಧ್ಯಾಪಕರ ಕೋಣೆಯ ಬಾಗಿಲಿಗೆ ಬಂದು ನಿಂತಳು. ನನಗೆ ಗುರುತು ಸಿಗಲಿಲ್ಲ. ತಿಂಗಳುಗಟ್ಟಲೆ ದಿಟ್ಟಿಸಿದ ಮುಖ, ಆದರೆ ಅದು ನೇರವಾಗಿ ನನ್ನನ್ನೇ ನೋಡಿದಾಗ ಪ್ರವೇಶದ ಅರ್ಜಿ ಕೇಳಲು ಬಂದ ಯಾರೋ ತಾಯಿ ಎಂದುಕೊಂಡೆ.

ಕೈಚೀಲದಿಂದ ನನ್ನ ಲೇಖನದ ಜೆರಾಕ್ಸ್ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟು ಹಾಳೆಗಳನ್ನು ಒಟ್ಟಿಗೆ ಮಡಚಿದ್ದರೂ ತುದಿಗೆ ತುದಿ ಕೂಡಿತ್ತು, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಆಕೆ ಕೆಲಸ ಮಾಡುವ ಆಸ್ಪತ್ರೆಯ ನರ್ಸ್ ಒಬ್ಬರ ಮಗಳು ನಮ್ಮಲ್ಲಿ ಓದುತ್ತಾಳಂತೆ. ಪಾಠದಲ್ಲಿ ಈ ಚಿತ್ರ ಬಂದದ್ದನ್ನು ಅವಳು ಅಮ್ಮನಿಗೆ ತೋರಿಸಿದಳು, ಅಮ್ಮ ಈಕೆಗೆ ತಲುಪಿಸಿದರು.

"ಈ ಕೈ ಬಗ್ಗೆ ಬರ್ದಿರೋರು ನೀವೇನಾ?" ಎಂದು ಕೇಳಿದಳು.

ಹೌದು ಎಂದೆ. ಅಷ್ಟರಲ್ಲಿ ಆಕೆ ಯಾರೆಂದು ಹೊಳೆದಿತ್ತು, ಒಳಗೆ ಆಗಲೇ ಎರಡನೆಯ ಲೇಖನ ಮೊಳೆಯುತ್ತಿತ್ತು. ನಾಚಿಕೆಗೆಟ್ಟ ಕುಲ ನಮ್ಮದು.

"ಮುಖವಿಲ್ಲದ ಕೈ ಅಂತ ಹಾಕಿದ್ದೀರಿ. ಮುಖ ಇತ್ತಮ್ಮ ಅದಕ್ಕೆ. ನನ್ನ ತಂಗಿ ಕೈ ಅದು. ತೀರ್ಕೊಂಡು ಒಂದು ವರ್ಷ ಆಯ್ತು. ಅವಳ ಫೋಟೋ ಅಂತ ನನ್ನ ಹತ್ರ ಒಂದೂ ಇಲ್ಲ." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಆಸ್ಪತ್ರೆಯವ್ರು ಪುಸ್ತಕ ಮಾಡಿದ್ರಲ್ಲ, ಅದರಲ್ಲಿ ಬಂದಿದ್ದೂ ಇಷ್ಟೇ ತುಂಡು. ನಿಮ್ಮ ಹತ್ರ ಪೂರ್ತಿ ಇರುತ್ತಲ್ಲ, ಒಂದ್ಸಲ ತೋರಿಸಿ. ಕೊಡಿ ಅನ್ನಲ್ಲ. ನೋಡ್ಕೊಂಡು ಹೋಗ್ತೀನಿ."

"ಪೂರ್ತಿ ನನ್ನ ಹತ್ರ ಇಲ್ಲ," ಎಂದೆ.

ಆಕೆ ಹಾಳೆಗಳ ಮೇಲೆ ಬೆರಳಿಟ್ಟಳು. "ಇಷ್ಟೊಂದು ಬರ್ದಿದ್ದೀರಿ. ಈ ತುಂಡೊಂದನ್ನ ನೋಡ್ಕೊಂಡು ಯಾರಾದ್ರೂ ಮೂವತ್ತೊಂದು ಪುಟ ಬರೀತಾರಾ?"

ಬರೆಯುತ್ತಾರೆ ಎನ್ನುವ ಬದಲು ನಾನು ಹಾಳೆಗಳನ್ನು ಅವಳತ್ತ ಸರಿಸಿದೆ. ನಾನು ಏನನ್ನೋ ಬಚ್ಚಿಡುತ್ತಿದ್ದೇನೆ ಎಂದೇ ಆಕೆ ತಿಳಿದಳು. ಬಾಗಿಲ ತನಕ ಹೋಗಿ ತಿರುಗಿ, "ನಂದು ಬೆಳಿಗ್ಗೆ ಆರರಿಂದ ಎರಡರ ತನಕ ಪಾಳಿ. ಆಸ್ಪತ್ರೆ ಹಿಂದಿನ ಗೇಟಲ್ಲಿ ಲಾಂಡ್ರಿ ಎಲ್ಲಿ ಅಂತ ಕೇಳಿ. ಮನಸ್ಸು ಬದಲಾದ್ರೆ ಬನ್ನಿ," ಎಂದಳು.

ಮುಂದಿನ ವಾರ ಹೋದೆ. ಹೋಗಿ ಹೇಳುವುದೇನೂ ಇರಲಿಲ್ಲ, ಆದರೆ ಮನೆಯಲ್ಲಿ ಕೂರಲೂ ಆಗಲಿಲ್ಲ.

ಲಾಂಡ್ರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಒಂದು ಗೋಡೆಗೆ ಆಳೆತ್ತರದ ಆರು ಯಂತ್ರ, ಎದುರು ಗೋಡೆಗೆ ಬಿಸಿ ಉರುಳೆಗಳ ಇಸ್ತ್ರಿ, ನಡುವೆ ಉದ್ದನೆಯ ಮೇಜು. ಕಿಟಕಿಗಳು ಚಾವಣಿಗೆ ತಾಗಿಕೊಂಡಂತಿವೆ. ಅವುಗಳಲ್ಲಿ ಬೀದಿಯಲ್ಲಿ ನಡೆಯುವವರ ಪಾದ ಬಿಟ್ಟರೆ ಏನೂ ಕಾಣುವುದಿಲ್ಲ. ದಿನಕ್ಕೆ ಒಂಬೈನೂರು ಚಾದರ. ಪ್ರತಿಯೊಂದರ ಮೂಲೆಯಲ್ಲೂ ಅದು ಯಾವ ವಾರ್ಡಿನದು ಎಂದು ಕೆಂಪು ದಾರದಲ್ಲಿ ಸಂಖ್ಯೆ ಹೊಲಿದಿರುತ್ತದೆ. ಅಕ್ಕ ಈ ಮೆಟ್ಟಿಲಿಳಿದಾಗ ಇಪ್ಪತ್ತು ವರ್ಷದವಳು, ಈಗ ಐವತ್ತೊಂದು.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದದ್ದರಿಂದ ತನಗಿಂತ ಐದು ವರ್ಷ ಚಿಕ್ಕವಳಾದ ತಂಗಿಗೆ ಅವಳೇ ತಾಯಿ. ಹದಿನೇಳು ತುಂಬುತ್ತಲೇ ತಂಗಿಯನ್ನೂ ಇದೇ ಕೆಲಸಕ್ಕೆ ಸೇರಿಸಿದಳು, ಕಣ್ಣೆದುರಿಗೆ ಇರಲಿ ಎಂದು. ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಇಬ್ಬರ ಸಂಸಾರ. ಒಮ್ಮೆ ಅಕ್ಕನಿಗೆ ಗಂಡು ಗೊತ್ತಾಗಿತ್ತಂತೆ. 'ತಂಗೀನ ಎಲ್ಲಿ ಬಿಡ್ತೀಯ' ಎಂದು ಅವನು ಕೇಳಿದ. 'ನಿನ್ನನ್ನೇ ಬಿಡ್ತೀನಿ' ಎಂದು ಎದ್ದು ಬಂದಳು. ಇದನ್ನು ಹೇಳುವಾಗ ಅವಳಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಒಳ್ಳೆಯ ಉತ್ತರ ಕೊಟ್ಟೆನೆಂಬ ಜಂಬವೇ ಇತ್ತು.

ಅವಳ ಜೊತೆ ಅಂದು ಮಡಚಬೇಕಾಗಿದ್ದವಳು ರಜೆ. "ಸುಮ್ನೆ ನಿಂತು ಏನು ಮಾಡ್ತೀರಿ, ಆ ಕಡೆ ಹಿಡೀರಿ," ಎಂದಳು. ಹಿಡಿದೆ.

ಚಾದರ ಮಡಚುವುದು ಇಬ್ಬರ ಕೆಲಸ. ಎರಡು ತುದಿ ಅವಳ ಕೈಯಲ್ಲಿ, ಎರಡು ತುದಿ ಇವಳ ಕೈಯಲ್ಲಿ. ಒಮ್ಮೆ ಝಾಡಿಸಿ ಎಳೆದು ಬಿಗಿ ಮಾಡುತ್ತಾರೆ. ಆಮೇಲೆ ಇಬ್ಬರೂ ಎದುರುಬದುರು ನಡೆದು ಬರುತ್ತಾರೆ. ಕೊಡುವವಳು ತನ್ನ ತುದಿಗಳನ್ನು ಕೊಡುತ್ತಾಳೆ, ತೆಗೆದುಕೊಳ್ಳುವವಳು ತನ್ನ ತುದಿಗಳನ್ನು ಒಂದೇ ಕೈಗೆ ಸೇರಿಸಿಕೊಂಡು ಇನ್ನೊಂದು ಕೈಯಲ್ಲಿ ಅವನ್ನು ಹಿಡಿಯುತ್ತಾಳೆ. ಕೊಟ್ಟವಳು ಬಗ್ಗಿ ಕೆಳಗೆ ಜೋತಾಡುವ ಮಡಿಕೆ ಎತ್ತಬೇಕು. ಅಕ್ಕ ಪ್ರತಿ ಸಲವೂ ತುದಿ ಕೊಡುವಾಗ ಕತ್ತು ಹೊರಳಿಸಿ ಗದ್ದ ಎತ್ತುತ್ತಿದ್ದಳು. ಲೋಕವೆಲ್ಲ ನೋಡಿದ ಆ ಜಂಬದ ನೋಟವನ್ನು ನಾನು ಎರಡಡಿ ದೂರದಿಂದ, ಒಂದೇ ಗಂಟೆಯಲ್ಲಿ ನೂರು ಸಲ ನೋಡಿದೆ.

ಯಾಕೆ ಆ ಕಡೆ ನೋಡುತ್ತೀರಿ ಎಂದು ಕೇಳಿದೆ.

"ಇನ್ನೆಲ್ಲಿ ನೋಡೋದು? ಮುಂದಿನ ಚಾದರ ಅಲ್ಲಿರುತ್ತಲ್ಲ. ಹರಿದಿದೆಯಾ, ಕಲೆ ಉಳಿದಿದೆಯಾ, ಯಾವ ವಾರ್ಡು, ಎಲ್ಲ ಅಷ್ಟರಲ್ಲೇ ನೋಡ್ಬೇಕು. ಕೊಡೋಳು ಕೈ ನೋಡ್ತಾ ಕೂತ್ರೆ ಒಂಬೈನೂರು ಮುಗಿಯುತ್ತಾ? ಕೈಗೆ ಕೈ ಗೊತ್ತಿರುತ್ತೆ." ನನ್ನ ಕೈಯಿಂದ ತುದಿ ಜಾರಿತು. "ನಿಮ್ಮದಕ್ಕೆ ಗೊತ್ತಿಲ್ಲ ಬಿಡಿ," ಎಂದಳು.

ನೋಟದ ನಿರಾಕರಣೆಗೆ ನಾನು ಒಂಬತ್ತು ಪುಟ ಕೊಟ್ಟಿದ್ದೆ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನನಗೆ ಇಲಿಯೂ ಸಿಕ್ಕಿರಲಿಲ್ಲ. ಗಂಡಸಿನ ಕೈ ಎಂದದ್ದನ್ನು ಅವಳೇ ಎತ್ತಿದಳು. "ಅದನ್ನ ಓದಿದ್ರೆ ಅವಳು ನೆಲಕ್ಕೆ ಬಿದ್ದು ನಗ್ತಿದ್ಲು. ಬಿಸಿನೀರು, ಸೋಪು, ಇಪ್ಪತ್ತೆಂಟು ವರ್ಷ. ನನ್ನ ಕೈ ನೋಡಿ, ಇದ್ಯಾವ ಗಂಡಸಿಗೆ ಕಡಿಮೆ?" ಎಂದು ಚಾಚಿದಳು. ಉಗುರು ಮೊಟಕು, ಗೆಣ್ಣು ದಪ್ಪ.

ಮೀಮ್ ಬಂದ ಹೊಸತರಲ್ಲಿ ಅಕ್ಕತಂಗಿ ಇಬ್ಬರೂ ನಕ್ಕಿದ್ದರಂತೆ. ಮುಖ ಊರ ಪಾಲಾಯಿತೆಂದು ಅಕ್ಕನಿಗೆ ಒಂದಿಷ್ಟು ಕಸಿವಿಸಿ. ತಂಗಿ ಸಮಾಧಾನ ಹೇಳಿದ್ದು ಹೀಗೆ: "ನಿಂದು ಬರೀ ಮುಖ, ನಂದು ಕೈ. ಕೆಲಸ ಮಾಡೋಳು ಯಾರು ಅಂತ ಈಗಲಾದ್ರೂ ಜನಕ್ಕೆ ಗೊತ್ತಾಯ್ತು."

ತಂಗಿಯ ಫೋಟೋ ಏಕಿಲ್ಲ ಎಂಬುದನ್ನು ನಾನು ಮೂರನೆಯ ಸಲ ಹೋದಾಗ ಅಕ್ಕ ಹೇಳಿದಳು. ಆ ಹೊತ್ತಿಗೆ ನಾನು ಶನಿವಾರಗಳಂದು ಹೋಗಿ ಮಡಚುವುದು ರೂಢಿಯಾಗಿತ್ತು. ನನ್ನ ಮೇಲಿನ ಗುಮಾನಿ ಹೋಗಿ, ಇವಳು ಬಚ್ಚಿಟ್ಟವಳಲ್ಲ, ಬರೀ ದಡ್ಡಿ ಎಂಬ ಕರುಣೆ ಬಂದಿತ್ತು. ತಂಗಿಗೆ ಹತ್ತೊಂಬತ್ತಾಗಿದ್ದಾಗ ಇಸ್ತ್ರಿಯ ಹಬೆ ಕೊಳವೆ ಕೀಲು ಬಿಟ್ಟುಕೊಂಡಿತು. ಎಡಗೆನ್ನೆ ಬೆಂದಿತು. ಮೂರು ತಿಂಗಳು ಮೇಲಿನ ವಾರ್ಡಿನಲ್ಲಿದ್ದು ಕೆಲಸಕ್ಕೆ ಮರಳಿದವಳು ಅಂದಿನಿಂದ ಯಾವ ಫೋಟೋದಲ್ಲೂ ನಿಲ್ಲಲಿಲ್ಲ. ಯಾರಾದರೂ ಫೋನ್ ಎತ್ತಿದರೆ ಸಾಕು, ಇದ್ದವಳು ಇದ್ದಲ್ಲೇ ಮಾಯ. ಇಲ್ಲವಾದರೆ, ತಾನೇ ತೆಗೆಯುತ್ತೇನೆಂದು ಫೋನ್ ಕಸಿದುಕೊಳ್ಳುತ್ತಿದ್ದಳು. ಅಕ್ಕನ ಫೋಟೋಗಳು ಮನೆತುಂಬ ಇವೆ, ಎಲ್ಲ ತಂಗಿ ತೆಗೆದವು.

"ನಗುವಾಗ್ಲೂ ಅಷ್ಟೇ," ಎಂದಳು ಅಕ್ಕ. "ಅಂಗೈ ಕೆನ್ನೆಗೆ ಅಡ್ಡ ಇಟ್ಕೊಂಡೇ ನಗೋಳು. ಮನೇಲಿ ನಾನೊಬ್ಳೇ ಇದ್ದಾಗ್ಲೂ ಹಾಗೇ. ನನ್ನ ಮುಂದೆ ಯಾಕೇ ಅಂತ ಬೈದಿದ್ದೀನಿ. ಅಭ್ಯಾಸ ಆಗೋಗಿದೆ ಬಿಡಕ್ಕ ಅನ್ನೋಳು."

ಗುರುತಿನ ಚೀಟಿಯಲ್ಲಿ ಒಂದು ಚಿತ್ರವಿದೆ, ಕೆಲಸಕ್ಕೆ ಸೇರಿದ ದಿನದ್ದು. ಅದನ್ನು ನನಗೂ ತೋರಿಸಿದಳು. ಅಂಚೆಚೀಟಿಯಷ್ಟು ದೊಡ್ಡದು, ಹದಿನೇಳರ ಹುಡುಗಿ, ನುಣ್ಣನೆಯ ಎರಡು ಕೆನ್ನೆ, ಕ್ಯಾಮೆರಾದ ಹೆದರಿಕೆ. "ಇವಳು ನಮ್ಮಮ್ಮನ ಮಗಳು," ಎಂದಳು. "ನನ್ನ ಜೊತೆ ಬಾಳಿದೋಳು ಬೇರೆ."

ತಂಗಿಗೆ ಜ್ವರ ಬಂದು, ಎದೆಗಿಳಿದು, ಹನ್ನೊಂದು ದಿನಕ್ಕೆ ಮುಗಿಯಿತು. ಇದೇ ಆಸ್ಪತ್ರೆ, ಏಳನೇ ವಾರ್ಡು. ತಂಗಿ ಹೋದ ನಾಲ್ಕನೆಯ ದಿನ ಅಕ್ಕ ಕೆಲಸಕ್ಕೆ ಬಂದಳು. ಏಳನೇ ಸಂಖ್ಯೆಯ ಚಾದರಗಳ ರಾಶಿ ಮೇಜಿನ ಮೇಲಿತ್ತು. ಯಾವುದರಲ್ಲಿ ತಂಗಿ ಮಲಗಿದ್ದಳೆಂದು ಗೊತ್ತಾಗುವಂತಿರಲಿಲ್ಲ, ಒಗೆದ ಮೇಲೆ ಎಲ್ಲವೂ ಒಂದೇ. ಆದ್ದರಿಂದ ಆ ದಿನ ಅಷ್ಟನ್ನೂ ಬೇರೆಯವರಿಗೆ ಬಿಡದೆ ತಾನೊಬ್ಬಳೇ ಮಡಚಿದಳಂತೆ. ಒಬ್ಬಳೇ ಮಡಚಿದರೆ ನೇರ ಬರುವುದಿಲ್ಲ. ಮೇಲ್ವಿಚಾರಕಿ ಅವನ್ನು ಹಾಗೆಯೇ ವಾರ್ಡಿಗೆ ಕಳಿಸಿದಳು.

"ನಿಮ್ಮ ಹತ್ರ ಯಾಕೆ ಬಂದೆ ಗೊತ್ತಾ?" ಎಂದು ಅಕ್ಕ ಅಂದು ಕೇಳಿದಳು. ಕೈ ನಿಲ್ಲಿಸಿರಲಿಲ್ಲ. "ಅದಕ್ಕೆ ಸ್ವಲ್ಪ ದಿನ ಮುಂಚೆ ಕೂತು ನೆನೆಸ್ಕೊಳ್ತಿದ್ದೆ. ಆ ಸುಟ್ಟ ಕಲೆ ಕಿವಿವರೆಗೂ ಹೋಗಿತ್ತಾ, ಮಧ್ಯದಲ್ಲೇ ನಿಂತಿತ್ತಾ ಅಂತ. ಗೊತ್ತಾಗ್ಲಿಲ್ಲ. ಇಪ್ಪತ್ತಾರು ವರ್ಷ ನೋಡಿದ ಕಲೆ. ಕಣ್ಣು ಮುಚ್ಚಿದ್ರೆ ಆ ಚೀಟಿಯಲ್ಲಿರೋ ಹುಡುಗಿ ಬರ್ತಾಳೆ, ಇವಳು ಬರಲ್ಲ. ಇನ್ನೊಂದು ವರ್ಷ ಹೋದ್ರೆ ಪೂರ್ತಿ ಅಳಿಸಿ ಹೋಗ್ತಾಳಮ್ಮ. ಆಗ ನಂಗೆ ಏನುಳೀತು?"

ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆ ಚಿತ್ರ ಆಸ್ಪತ್ರೆಯ ಪುಸ್ತಕಕ್ಕೆಂದು ಬಂದ ಫೋಟೋದವನು ಹೇಳದೆ ಕೇಳದೆ ಒಳಗೆ ಬಂದು ತೆಗೆದದ್ದು. ತಂಗಿ ಕೆಲಸದ ಮಧ್ಯದಲ್ಲಿದ್ದಳು. ಓಡಿಹೋಗಲು ಅವಕಾಶವೇ ಇರಲಿಲ್ಲ. ಹಾಗಾದರೆ ಇಡೀ ಬದುಕಿನಲ್ಲಿ ತಂಗಿ ಸಿಕ್ಕಿಬಿದ್ದ ಒಂದೇ ಒಂದು ಫೋಟೋ ಅದು, ಅವಳ ಮುಖ ಅದರಲ್ಲಿ ಇರಲೇಬೇಕು.

ಸೋಮವಾರ ಹುಡುಕಲು ಕೂತೆ. ಎಷ್ಟು ಕಷ್ಟವಾಯಿತು ಎಂದು ಹೇಳಿಬಿಡುತ್ತೇನೆ: ಮೂರು ಫೋನ್ ಕರೆ. ಮೊದಲನೆಯದು ಆಸ್ಪತ್ರೆಯ ಕಚೇರಿಗೆ. ಐದು ವರ್ಷದ ಹಿಂದಿನ ವಾರ್ಷಿಕ ವರದಿಯ ಪುಸ್ತಕದಲ್ಲಿ ಆ ಚಿತ್ರ ಬಂದಿತ್ತು, ಅಲ್ಲಿಂದಲೇ ಯಾರೋ ಎತ್ತಿ ಮೀಮ್ ಮಾಡಿದ್ದರು. ಪುಸ್ತಕದ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಮುದ್ರಣಾಲಯದ ಹೆಸರು. ಎರಡನೆಯದು ಮುದ್ರಣಾಲಯಕ್ಕೆ. ಮೂರನೆಯದಕ್ಕೆ ಫೋಟೋದವನೇ ಸಿಕ್ಕಿದ. ಅಷ್ಟೂ ಒಂದು ಟೀ ಆರುವುದರೊಳಗೆ ಮುಗಿಯಿತು. ಹಳೆಯ ಕಾಲದ ಭ್ರಮೆ ಎಂದು ನಾನು ಬರೆದದ್ದು ಇದನ್ನೇ.

ಅವನ ಸ್ಟುಡಿಯೋ ಕನ್ನಡಕದ ಅಂಗಡಿಯೊಂದರ ಮಹಡಿಯ ಮೇಲೆ. ಈಗ ಹೆಚ್ಚಾಗಿ ಮಕ್ಕಳ ಫೋಟೋ ತೆಗೆಯುತ್ತಾನೆ. ಮೂಲೆಯಲ್ಲಿ ಮರದ ಕುದುರೆ, ಬಣ್ಣದ ಬಲೂನು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ನಾನು ತೋರಿಸಿದ ಚಿತ್ರ ನೋಡಿ ತಲೆಯಾಡಿಸಿದ.

"ಇದು ಇಷ್ಟೆಲ್ಲ ಓಡಾಡಿದ್ದು ನಂಗೂ ಗೊತ್ತು. ಆ ಇಬ್ರೂ ಚೆನ್ನಾಗಿ ನೆನಪಿದ್ದಾರೆ. ನಾನು ಕ್ಯಾಮೆರಾ ಎತ್ತಿದೆ. ಎತ್ತರದೋರು ನನ್ನ ಕಡೆ ನೋಡ್ಲೂ ಇಲ್ಲ, 'ಇದೂ ಒಂದು ಕೆಲಸಾನಾ, ಅವನ ಕೈಗೂ ಎರಡು ಚಾದರ ಕೊಡೇ' ಅಂದ್ರು. ಚಿಕ್ಕೋರಿಗೆ ನಗು ತಡೆಯೋಕಾಗ್ಲಿಲ್ಲ. ಬಾಯಿತುಂಬ ನಕ್ಕುಬಿಟ್ರು. ಆಗ ಕ್ಲಿಕ್ ಮಾಡಿದ್ದು ಇದು."

"ಅದರಲ್ಲಿ ಅವರ ಮುಖ ಇದೆಯಾ?"

"ಇತ್ತು. ಚಿತ್ರದ ಜೀವಾನೇ ಅದು. ಇತ್ತ ಇವರ ಬಿಗುಮಾನ, ಅತ್ತ ಅವರ ನಗು."

"ಹಾಗಾದ್ರೆ ಯಾಕೆ ಕತ್ತರಿಸಿದ್ರಿ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಹೊರಡೋವಾಗ ಅವರು ಗೇಟಿನವರೆಗೂ ಓಡಿ ಬಂದ್ರು. ಒಬ್ರೇ. ಕೆನ್ನೆಗೆ ಕೈ ಇಟ್ಕೊಂಡಿದ್ರು. 'ಅಕ್ಕಂದು ಹಾಕಿ, ಅವಳು ಚೆನ್ನಾಗಿ ಬಂದಿರ್ತಾಳೆ. ನಂದು ಬೇಡ' ಅಂದ್ರು. ಮಾತು ಕೊಟ್ಟೆ. ಕೈ ಒಂದು ಬಿಟ್ಟೆ, ಅದಿಲ್ಲದೆ ಚಾದರ ಗಾಳೀಲಿ ತೇಲಿದ ಹಾಗೆ ಕಾಣ್ತಿತ್ತು."

ನಾನು ಯಾವುದನ್ನು ಹಿಂಸೆ ಎಂದು ಒಂದು ಭಾಗ ಪೂರ್ತಿ ಬಣ್ಣಿಸಿದ್ದೆನೋ ಅದು ಒಬ್ಬ ಒಳ್ಳೆಯ ಮನುಷ್ಯ ಉಳಿಸಿಕೊಂಡ ಮಾತಾಗಿತ್ತು. ಆ ಕ್ಷಣಕ್ಕೆ ನನಗೆ ಅದು ದೊಡ್ಡದೆನಿಸಲಿಲ್ಲ. ಮೂಲ ತೋರಿಸಿ ಎಂದೆ.

"ಇಲ್ವಲ್ಲ," ಎಂದ. "ಐದು ವರ್ಷ ಇಟ್ಕೊಂಡು ಆಮೇಲೆ ಎಲ್ಲಾ ಅಳಿಸಿಬಿಡ್ತೀನಿ, ಜಾಗ ಸಾಲಲ್ಲ. ಆಸ್ಪತ್ರೆದು ಅಳಿಸಿ ನಾಲ್ಕು ತಿಂಗಳಾಯ್ತು. ಯಾರೂ ಕೇಳಿರ್ಲಿಲ್ಲ. ಈ ಮೀಮ್ ಬಂದಾಗ ಯಾರಾದ್ರೂ ಬಂದು ಕೇಳ್ತಾರೆ ಅಂತ ಒಂದೆರಡು ವರ್ಷ ಕಾದೆ ಕೂಡ. ಒಬ್ರೂ ಬರ್ಲಿಲ್ಲ."

ಅವನ ಎದುರಿಗೆ ಕೂತು ನಾನು ಲೆಕ್ಕ ಹಾಕಿದೆ. ನನ್ನ ಲೇಖನ ಬಂದು ಎರಡು ವರ್ಷ. ಬರೆಯುವ ದಿನಗಳಲ್ಲಿ ಆ ಮೂರು ಕರೆ ಮಾಡಿದ್ದರೆ ಆ ನಗು ನನ್ನ ಮೇಜಿನ ಮೇಲೆ ಇರುತ್ತಿತ್ತು. ಅಷ್ಟೇ ಅಲ್ಲ, ಮುಖವಿಲ್ಲದ ಕೈ ಎಂದು ನಾನು ಶೀರ್ಷಿಕೆ ಬರೆದ ದಿನ ಆ ಮುಖ ಬದುಕಿತ್ತು, ನನ್ನ ಕಾಲೇಜಿನಿಂದ ಎರಡು ಬಸ್ಸಿನ ದೂರದಲ್ಲಿ ಚಾದರ ಮಡಚುತ್ತಿತ್ತು. ನಾಚಿಕೆಯೆನ್ನುವುದು ಸಣ್ಣ ಮಾತಾಯಿತು. ಮನೆಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲೇ ಅತ್ತೆ.

ಮಾರನೆಯ ದಿನ ಎರಡು ಗಂಟೆಗೆ ಲಾಂಡ್ರಿಯ ಹೊರಗಿನ ಮೆಟ್ಟಿಲ ಮೇಲೆ ಕಾದು ಕೂತೆ. ಪಾಳಿ ಮುಗಿಸಿ ಹತ್ತಿ ಬಂದ ಅಕ್ಕ ನನ್ನ ಬರಿಗೈ ನೋಡಿದಳು.

"ಸಿಗ್ಲಿಲ್ಲ," ಎಂದು ತಾನೇ ಹೇಳಿ ಪಕ್ಕದಲ್ಲಿ ಕೂತಳು.

ಮುಚ್ಚಿಡದೆ ಹೇಳಿದೆ. ಅಳಿಸಿ ನಾಲ್ಕು ತಿಂಗಳಾಗಿದೆ, ನಾನು ಬರೆದು ಎರಡು ವರ್ಷವಾಗಿದೆ, ಆಗಲೇ ಕೇಳಿದ್ದರೆ ಸಿಗುತ್ತಿತ್ತು, ಆಗ ತಂಗಿಯೂ ಇದ್ದಳು.

"ಮತ್ತೆ ಯಾಕೆ ಕೇಳ್ಲಿಲ್ಲ?"

"ಪೂರ್ತಿ ಫೋಟೋ ಅಂತ ಒಂದು ಇರಲ್ಲ ಅಂದ್ಕೊಂಡಿದ್ದೆ."

ಆಕೆಗೆ ಅದು ಅರ್ಥವಾಗಲಿಲ್ಲ. ಈಗ ನನಗೂ ಆಗುವುದಿಲ್ಲ. "ತುಂಡು ಇದ್ದ ಮೇಲೆ ಪೂರ್ತಿ ಇದ್ದೇ ಇರುತ್ತಲ್ಲಮ್ಮ," ಎಂದಳು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ತರಗತಿಯಲ್ಲಿ ಹಿಂದುಳಿದವರಿಗೆ ನಾವು ಹೇಳುತ್ತೇವಲ್ಲ, ಅಂಥ ದನಿ ಅದು.

ಗೇಟಿನವರೆಗೆ ಓಡಿ ಬಂದು ತಂಗಿ ಕೇಳಿಕೊಂಡದ್ದನ್ನು ಹೇಳಿದೆ. ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ. 'ಅಕ್ಕಂದು ಹಾಕಿ, ಅವಳು ಚೆನ್ನಾಗಿ ಬಂದಿರ್ತಾಳೆ' ಎಂಬ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಕಲೆ ಕಿವಿವರೆಗೂ ಇತ್ತಾ ಅಂತ ಅವ್ರನ್ನ ಕೇಳಿದ್ರಾ?" ಎಂದಳು.

"ಕೇಳ್ದೆ. ಅವ್ರು ಕಲೆ ಗಮನಿಸಿಲ್ಲ. ಅವಳ ನಗು ಮಾತ್ರ ನೆನಪಿದೆ ಅಂದ್ರು. ಬಾಯಿತುಂಬ ನಗ್ತಿದ್ಲಂತೆ."

"ಕೈ ಅಡ್ಡ ಇಟ್ಕೊಂಡು."

"ಇಲ್ಲ. ಎರಡು ಕೈಯಲ್ಲೂ ಚಾದರ ಇತ್ತಲ್ಲ. ಹಾಗೇ ನಗ್ತಿದ್ಲಂತೆ, ಕ್ಯಾಮೆರಾ ಕಡೆ ಅಲ್ಲ, ನಿಮ್ಮ ಕಡೆ ನೋಡ್ಕೊಂಡು."

ಅಕ್ಕ ಚೀಲದಿಂದ ಆ ಜೆರಾಕ್ಸ್ ಹಾಳೆಗಳನ್ನು ತೆಗೆದು, ಚಿತ್ರವಿದ್ದ ಪುಟ ಬಿಡಿಸಿ, ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ದಿನ ಅವಳು ಅದರಲ್ಲಿ ಕೈಯೊಂದನ್ನೇ ನೋಡುತ್ತಿದ್ದಳು. ಈಗ ನೋಡಿದ್ದು ತನ್ನ ಮುಖವನ್ನು.

"ಅವಳು ನಕ್ಕಿದ್ದು ಇದೇ ಹೊತ್ತಲ್ಲಾ?" ಎಂದಳು.

"ಇದೇ."

"ನಂಗೆ ಕೇಳಿಸಿತ್ತು. ಏನೋ ತಮಾಷೆ ಮಾಡ್ದೆ, ಅವಳು ನಕ್ಕಿದ್ದು ಕಿವಿಗೆ ಬಿತ್ತು. ಯಾವಾಗ್ಲೂ ನಗೋ ಹಾಗೆ ಮುಚ್ಕೊಂಡು ನಗ್ತಿದ್ದಾಳೆ ಅಂದ್ಕೊಂಡೆ. ಕೈ ಖಾಲಿ ಇಲ್ಲ ಅನ್ನೋದು ಹೊಳೀಲೇ ಇಲ್ಲ ನಂಗೆ. ಇಪ್ಪತ್ತಾರು ವರ್ಷ, ದಿನಾ ಅಷ್ಟೊಂದು ಚಾದರ ಕೊಟ್ಟಿದ್ದೀನಿ ಅವಳ ಕೈಗೆ. ಅದೆಷ್ಟು ಸಲ ಹಾಗೆ ನಕ್ಕಿದ್ದಾಳೋ. ಒಂದ್ಸಲ ಈ ಕಡೆ ತಿರುಗಿದ್ರೆ ಆಗ್ತಿತ್ತು. ನಾನು ಮುಂದಿನ ಚಾದರ ನೋಡ್ತಿದ್ದೆ."

ಅಷ್ಟು ಹೇಳಿ ಅಕ್ಕ ಅತ್ತಳು. ತಂಗಿ ಹೋದಾಗಲೂ ಹೀಗೆ ಅತ್ತಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು.